ಜ್ವರವೆಂದು ಬರೆದುಕೊಡಿ

ನಮ್ಮ ಶಾಲೆಗಳಲ್ಲಿ ಓದಿದ ಯಾರನ್ನು ಬೇಕಾದರೂ ಕೇಳಿ ನೋಡಿ. ಪತ್ರಲೇಖನದ ಪಾಠದಲ್ಲಿ ಅವರು ಮೊತ್ತಮೊದಲು ಕಲಿತದ್ದು ರಜಾ ಅರ್ಜಿಯನ್ನು. ಆ ಅರ್ಜಿಯಲ್ಲಿ ತೋರಿಸುತ್ತಿದ್ದ ಕಾರಣವೂ ಬಹುಮಟ್ಟಿಗೆ ಒಂದೇ: ಜ್ವರ. ಆರೋಗ್ಯದಿಂದ ಪುಟಿಯುವ ನಲವತ್ತು ಮಕ್ಕಳು ಒಟ್ಟಿಗೆ ಕುಳಿತು, ತಾವು ಜ್ವರದಿಂದ ನರಳುತ್ತಿರುವುದಾಗಿಯೂ ಎರಡು ದಿನಗಳ ರಜೆಯನ್ನು ದಯಪಾಲಿಸಬೇಕಾಗಿಯೂ ಮುತ್ತಿನಂಥ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಅದು ಅಭ್ಯಾಸಕ್ಕಾಗಿ ಬರೆದದ್ದು. ಅದರಲ್ಲಿ ದೋಷವೇನೂ ಇಲ್ಲ. ಆದರೆ ಮುಂದೆ ಅಜ್ಜಿಯ ಊರಿನ ಹಬ್ಬಕ್ಕೋ ಚಿಕ್ಕಪ್ಪನ ಮದುವೆಗೋ ಹೋಗಿ ಬಂದಾಗಲೂ ಅದೇ ಅರ್ಜಿ ಹೊರಬರುತ್ತದೆ. ಈ ಬಾರಿ ಅದರ ಕೆಳಗೆ ತಂದೆಯ ಸಹಿ ಇರುತ್ತದೆ. ಮಗು ಒಮ್ಮೆ ಕಾಗದವನ್ನು, ಒಮ್ಮೆ ತಂದೆಯ ಮುಖವನ್ನು ನೋಡುತ್ತದೆ. ಧರ್ಮೋಪದೇಶದ ತರಗತಿಯಲ್ಲಿ ಕಂಠಪಾಠ ಮಾಡಿದ ಎಂಟನೆಯ ಆಜ್ಞೆಗೆ ಮನೆಯಲ್ಲಿ ಎಷ್ಟು ಬೆಲೆ ಎಂಬುದು ಆ ಕ್ಷಣದಲ್ಲಿ ಅದಕ್ಕೆ ತಿಳಿದುಹೋಗುತ್ತದೆ.

ಅದೇ ಮಗು ಬೆಳೆದು ನೌಕರಿ ಹಿಡಿದ ಮೇಲೆ ಅರ್ಜಿಯ ಜೊತೆಗೆ ಇನ್ನೊಂದು ಕಾಗದ ಸೇರಿಕೊಳ್ಳುತ್ತದೆ. ಅದು ವೈದ್ಯರ ಪ್ರಮಾಣಪತ್ರ. ಕಚೇರಿಯ ಭಾಷೆಯಲ್ಲಿ ಇದಕ್ಕೆ 'ಮೆಡಿಕಲ್ ಹಾಕುವುದು' ಎಂದು ಹೆಸರು. ಸಾಂದರ್ಭಿಕ ರಜೆಗಳು ಮುಗಿದಿರುತ್ತವೆ, ಮೇಲಧಿಕಾರಿಯು ಗಳಿಕೆ ರಜೆ ಮಂಜೂರು ಮಾಡುವುದಿಲ್ಲ, ಮನೆಯಲ್ಲಿ ಗೃಹಪ್ರವೇಶ ನಿಶ್ಚಯವಾಗಿರುತ್ತದೆ. ಆಗ ಸಹೋದ್ಯೋಗಿಯೊಬ್ಬರು ಪಿಸುಮಾತಿನಲ್ಲಿ ಸಲಹೆ ಕೊಡುತ್ತಾರೆ. ಪರಿಚಯದ ವೈದ್ಯರೊಬ್ಬರ ಹೆಸರನ್ನೂ ಹೇಳುತ್ತಾರೆ. ಕಚೇರಿಯ ಕಡತಗಳನ್ನು ನಂಬುವುದಾದರೆ, ನಮ್ಮ ನಾಡಿನಲ್ಲಿ ವಿಷಮಶೀತ ಜ್ವರವು ನೀರಿನಿಂದಲ್ಲ, ಮದುವೆಯ ಲಗ್ನಗಳಿಂದ ಹರಡುತ್ತದೆ ಎನ್ನಬೇಕಾಗುತ್ತದೆ. ಇಷ್ಟೇ ಅಲ್ಲ. ವೇಳಾಂಕಣಿಗೆ ಹರಕೆ ಹೊತ್ತವರೂ ಇದೇ ದಾರಿ ಹಿಡಿಯುವುದುಂಟು. ಆರೋಗ್ಯಮಾತೆಯ ಸನ್ನಿಧಿಗೆ ಹೋಗಿ ಆರೋಗ್ಯಕ್ಕಾಗಿ ವಂದನೆ ಸಲ್ಲಿಸಲು ಅನಾರೋಗ್ಯದ ಸುಳ್ಳು ಚೀಟಿಯನ್ನು ಕಚೇರಿಯಲ್ಲಿ ಇಟ್ಟು ಹೊರಡುವುದರಲ್ಲಿ ಯಾವ ವಿಪರ್ಯಾಸವೂ ಅವರಿಗೆ ಕಾಣುವುದಿಲ್ಲ.

ಪ್ರಿಯ ಓದುಗರೇ, ಇದನ್ನು ನಗೆಯಾಡಿ ಬಿಟ್ಟುಬಿಡಬಹುದು. ಯಾರ ಮನೆಗೂ ಕನ್ನ ಹಾಕಿದಂತಾಗಲಿಲ್ಲ, ಯಾರ ರಕ್ತವೂ ಹರಿಯಲಿಲ್ಲ. ಪಾಪನಿವೇದನೆಯ ಪೀಠದ ಮುಂದೆ ಇದನ್ನು ಹೇಳಿಕೊಳ್ಳಬೇಕೆಂದು ನಮ್ಮಲ್ಲಿ ಹೆಚ್ಚಿನವರಿಗೆ ತೋಚುವುದೂ ಇಲ್ಲ. ಆದರೂ ಈ ಸಣ್ಣ ಕಾಗದವನ್ನು ಬೆಳಕಿಗೆ ಹಿಡಿದು ನೋಡೋಣ. ಅದರೊಳಗೆ ಕೆಲಸ, ವಿಶ್ರಾಂತಿ, ನಂಬಿಕೆ, ಸಾಕ್ಷ್ಯ ಇವೆಲ್ಲ ಹೆಣೆದುಕೊಂಡಿವೆ.

ಪ್ರಮಾಣಪತ್ರವೆಂದರೆ ಸಾಕ್ಷ್ಯ. ಕಂಡವನು ಕಾಣದವನಿಗೆ ಕೊಡುವ ಮಾತು ಅದು. ರೋಗಿಯ ಮೈಯನ್ನು ವೈದ್ಯರು ಮುಟ್ಟಿ ನೋಡಿದ್ದಾರೆ. ಯಜಮಾನನು ನೋಡಿಲ್ಲ, ನೋಡಬೇಕಾಗಿಯೂ ಇಲ್ಲ. ವೈದ್ಯರ ಮಾತನ್ನು ನಂಬಿ ಅವನು ಸಂಬಳ ಕೊಡುತ್ತಾನೆ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ರೂಪಿಸಿದ ವೃತ್ತಿನೀತಿಯ ನಿಯಮಗಳು ಈ ಮಾತಿಗೆ ಎಷ್ಟು ತೂಕ ಕೊಟ್ಟಿವೆ ಎಂಬುದನ್ನು ಗಮನಿಸಿ. ವೈದ್ಯರು ತಾವು ಕೊಟ್ಟ ಪ್ರಮಾಣಪತ್ರಗಳಿಗಾಗಿ ಪ್ರತ್ಯೇಕ ದಾಖಲೆ ಪುಸ್ತಕವನ್ನಿಡಬೇಕು, ರೋಗಿಯ ಗುರುತಿನ ಚಿಹ್ನೆಯನ್ನೂ ಸಹಿಯನ್ನೂ ಪಡೆಯಬೇಕು, ಪ್ರತಿಯೊಂದನ್ನು ಇಟ್ಟುಕೊಳ್ಳಬೇಕು. ಸುಳ್ಳು ಅಥವಾ ದಾರಿತಪ್ಪಿಸುವ ಪತ್ರಕ್ಕೆ ಸಹಿ ಹಾಕಿದವರ ಹೆಸರನ್ನು ವೈದ್ಯರ ನೋಂದಣಿಯಿಂದಲೇ ತೆಗೆದುಹಾಕಬಹುದು. ಇನ್ನು ಶಾಸನದ ಮಾತು. ಕಾನೂನಿಗೆ ಬೇಕಾದ ಪ್ರಮಾಣಪತ್ರವನ್ನು ಸುಳ್ಳೆಂದು ತಿಳಿದೂ ಬರೆದುಕೊಟ್ಟವನನ್ನು ನ್ಯಾಯಾಲಯದಲ್ಲಿ ಸುಳ್ಳು ಸಾಕ್ಷಿ ನುಡಿದವನಂತೆಯೇ ಶಿಕ್ಷಿಸಬೇಕೆಂದು 1860ರ ದಂಡಸಂಹಿತೆ ಹೇಳಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಹೇಳುತ್ತದೆ. ಸುಳ್ಳೆಂದು ತಿಳಿದು ಅದನ್ನು ಬಳಸಿದವನಿಗೂ ಅದೇ ಗತಿ. ಎಂಟನೆಯ ಆಜ್ಞೆಯು ನಿಷೇಧಿಸುವುದೂ ನೆರೆಯವನ ವಿಷಯದಲ್ಲಿ ಸುಳ್ಳು ಸಾಕ್ಷಿ ಹೇಳುವುದನ್ನೇ. ಲೌಕಿಕ ಶಾಸನವೂ ಸೀನಾಯಿ ಬೆಟ್ಟದ ಶಾಸನವೂ ಇಲ್ಲಿ ಒಂದೇ ಪದವನ್ನು ಆಡುತ್ತಿರುವುದು ಆಕಸ್ಮಿಕವಲ್ಲ.

ಪವಿತ್ರ ಬೈಬಲ್ಲಿನಲ್ಲಿ ಇಂತಹ ಪ್ರಮಾಣಪತ್ರದ ಮೂಲರೂಪವೊಂದಿದೆ. ಯಾಜಕಕಾಂಡದ 13 ಮತ್ತು 14ನೆಯ ಅಧ್ಯಾಯಗಳನ್ನು ನಾವು ಸಾಮಾನ್ಯವಾಗಿ ಬೇಗಬೇಗನೆ ದಾಟಿಬಿಡುತ್ತೇವೆ. ಚರ್ಮರೋಗದ ಆ ದೀರ್ಘ ವಿವರಣೆ ಯಾರಿಗೆ ಬೇಕು? ಆದರೆ ಅಲ್ಲಿ ಏನು ನಡೆಯುತ್ತದೆ ನೋಡಿ. ಮೈಯಲ್ಲಿ ಮಚ್ಚೆ ಕಂಡವನು ಯಾಜಕನ ಬಳಿಗೆ ಬರಬೇಕು. ಯಾಜಕನು ಸಂಶಯವಿದ್ದಲ್ಲಿ ಆತುರಪಡುವಂತಿಲ್ಲ. ಏಳು ದಿನ ಪ್ರತ್ಯೇಕವಾಗಿರಿಸಿ ಮತ್ತೆ ಪರೀಕ್ಷಿಸಬೇಕು, ಬೇಕಾದರೆ ಇನ್ನೂ ಏಳು ದಿನ. ಗುಣವಾಯಿತೆಂದಾಗ ಯಾಜಕನೇ ಪಾಳೆಯದ ಹೊರಗೆ ಹೋಗಿ, ಅವನನ್ನು ನೋಡಿ, ಶುದ್ಧನೆಂದು ಸಾರಬೇಕು. ರೋಗಿಯ ಮಾತೊಂದೇ ಸಾಲದು, ನೆರೆಹೊರೆಯವರ ಅಂಜಿಕೆಯಂತೂ ಸಾಲವೇ ಸಾಲದು. ಕಣ್ಣಾರೆ ಕಂಡವನ ಮಾತು ಬೇಕು. ಪ್ರಭು ಯೇಸು ಕುಷ್ಠರೋಗಿಯನ್ನು ಗುಣಪಡಿಸಿದ ಮೇಲೆ, ಹೋಗಿ ಯಾಜಕನಿಗೆ ತೋರಿಸಿಕೊಳ್ಳುವಂತೆ ಕಟ್ಟಪ್ಪಣೆ ಮಾಡಿದರು (ಮಾರ್ಕ 1:44). ಹತ್ತು ಮಂದಿ ಕುಷ್ಠರೋಗಿಗಳನ್ನೂ ಹಾಗೆಯೇ ಕಳುಹಿಸಿದರು (ಲೂಕ 17:14). ಏಕೆ? ಅವರು ಗುಣವಾದದ್ದು ಗುಣಪಡಿಸಿದವರಿಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ಆದರೆ ಆ ಮನುಷ್ಯನು ತನ್ನ ಊರಿಗೆ, ಮನೆಗೆ, ಕೆಲಸಕ್ಕೆ ಮರಳಬೇಕಿತ್ತು. ಬಾಗಿಲು ತೆರೆಯಲು ಅಧಿಕೃತವಾದ ಮಾತೊಂದು ಬೇಕಿತ್ತು. ರೋಗಿಯ ಮೇಲೆ ಗೂಢಚರ್ಯೆ ಮಾಡಲು ಹುಟ್ಟಿದ ಪದ್ಧತಿಯಲ್ಲ ಇದು. ಅವನನ್ನು ಜನರ ಸಂಶಯದಿಂದ ಕಾಪಾಡುವುದೂ ಇದರ ಕೆಲಸವಾಗಿತ್ತು.

ಸಾಕ್ಷಿ ಹೇಳುವವನು ತಾನು ಕಂಡದ್ದಕ್ಕಿಂತ ಹೆಚ್ಚು ಹೇಳಬಾರದು ಎಂಬುದಕ್ಕೆ ಲೂರ್ದಿನಲ್ಲಿ ಒಳ್ಳೆಯ ನಿದರ್ಶನವಿದೆ. ಅಲ್ಲಿ 1883ರಿಂದ ವೈದ್ಯರ ಕಾರ್ಯಾಲಯವೊಂದು ನಡೆಯುತ್ತಿದೆ. ಗುಣವಾದೆವೆಂದು ಹೇಳಿಕೊಂಡ 7,000ಕ್ಕೂ ಮಿಕ್ಕಿದ ಪ್ರಕರಣಗಳು ಅಲ್ಲಿ ದಾಖಲಾಗಿವೆ. ಧರ್ಮಸಭೆ ಪವಾಡವೆಂದು ಅಂಗೀಕರಿಸಿದವು ಎಪ್ಪತ್ತರ ಆಸುಪಾಸಿನಲ್ಲಿವೆ, ಅಷ್ಟೇ. ಅಲ್ಲಿಯ ವೈದ್ಯರು 'ಇದು ಪವಾಡ' ಎಂದು ಬರೆಯುವುದಿಲ್ಲ. ಇಂದಿನ ವೈದ್ಯಕೀಯ ಜ್ಞಾನದಿಂದ ಈ ಗುಣವನ್ನು ವಿವರಿಸಲಾಗದು ಎಂದಷ್ಟೇ ಬರೆಯುತ್ತಾರೆ. ಮಿಕ್ಕದ್ದು ಧರ್ಮಾಧ್ಯಕ್ಷರಿಗೆ ಬಿಟ್ಟದ್ದು. ದೇವರ ಮಹಿಮೆಗಾಗಿಯಾದರೂ ಒಂದು ಪದವನ್ನು ಹೆಚ್ಚಿಸಿ ಬರೆಯದ ಸಂಯಮ ಅದು. ನಮ್ಮ ಊರಿನ ಚಿಕಿತ್ಸಾಲಯದ ಮೇಜಿನ ಮೇಲೆ ಸಹಿ ಹಾಕಿಟ್ಟ ಖಾಲಿ ನಮೂನೆಗಳ ಕಟ್ಟನ್ನು ಕಂಡವರಿಗೆ ಈ ಸಂಯಮದ ಬೆಲೆ ತಿಳಿದೀತು.

ಕಾಯಿಲೆಯ ನೆಪವೂ ಬೈಬಲ್ಲಿಗೆ ಹೊಸದೇನಲ್ಲ. ಸೌಲನ ಭಟರು ದಾವೀದನನ್ನು ಹಿಡಿಯಲು ಬಂದಾಗ ಅವನ ಹೆಂಡತಿ ಮೀಕಲಳು ಹಾಸಿಗೆಯಲ್ಲಿ ವಿಗ್ರಹವೊಂದನ್ನು ಮಲಗಿಸಿ, ಅವನಿಗೆ ಮೈ ಸರಿಯಿಲ್ಲವೆಂದು ಹೇಳಿ ಗಂಡನ ಪ್ರಾಣ ಉಳಿಸಿದಳು (1 ಸಮುವೇಲ 19). ರಾಖೇಲಳು ತಂದೆಯ ಮನೆಯಿಂದ ಕದ್ದ ವಿಗ್ರಹಗಳನ್ನು ಒಂಟೆಯ ಸಾಮಗ್ರಿಯಲ್ಲಿ ಅಡಗಿಸಿ ಅದರ ಮೇಲೆ ಕುಳಿತು, ತಾನು ಮುಟ್ಟಾಗಿರುವುದರಿಂದ ಏಳಲಾರೆನೆಂದಳು (ಆದಿಕಾಂಡ 31). ದಾವೀದನ ಮಗ ಅಮ್ನೋನನು ಮಾತ್ರ ರೋಗಿಯಂತೆ ಮಲಗಿ, ತನ್ನನ್ನು ನೋಡಲು ಬಂದ ತಂದೆಯ ಕನಿಕರವನ್ನೇ ಬಲೆಯಾಗಿಸಿ, ಮಲತಂಗಿ ತಾಮಾರಳನ್ನು ಕೋಣೆಗೆ ಬರಮಾಡಿಕೊಂಡು ಅವಳ ಬಾಳನ್ನು ಹಾಳುಮಾಡಿದನು (2 ಸಮುವೇಲ 13). ಮೂರೂ ಸುಳ್ಳುಗಳೇ. ಆದರೆ ಈ ಮೂವರನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಲು ಯಾವ ವಿವೇಕಿಯ ಮನಸ್ಸೂ ಒಪ್ಪದು. ಒಬ್ಬಳು ಜೀವ ಉಳಿಸಿದಳು, ಒಬ್ಬಳು ಕಳವನ್ನು ಮುಚ್ಚಿದಳು, ಒಬ್ಬನು ಬೇಟೆಯಾಡಿದನು. ಮೀಕಲಳ ವಿಷಯದಲ್ಲಿಯೂ ಒಂದು ಮಾತು: ತಂದೆ ಪ್ರಶ್ನಿಸಿದಾಗ ಅವಳು ದಾವೀದನು ತನ್ನನ್ನು ಕೊಲ್ಲುವೆನೆಂದು ಬೆದರಿಸಿದನೆಂದು ಎರಡನೆಯ ಸುಳ್ಳನ್ನು ಹೇಳಬೇಕಾಯಿತು. ನಿರಪರಾಧಿಯಾದ ಗಂಡನ ಮೇಲೆಯೇ ಅಪವಾದ ಬಂತು.

ಸುಳ್ಳಿನ ವಿಷಯವನ್ನು ಸಂತ ಅಗಸ್ಟೀನರಷ್ಟು ಕಟ್ಟುನಿಟ್ಟಾಗಿ ವಿಚಾರಿಸಿದವರು ವಿರಳ. ಸುಮಾರು 395ರಲ್ಲಿ ಒಂದು, 420ರಲ್ಲಿ ಇನ್ನೊಂದು, ಹೀಗೆ ಇದರ ಮೇಲೆಯೇ ಎರಡು ಗ್ರಂಥಗಳನ್ನು ಬರೆದರು. ಯಾವ ಒಳ್ಳೆಯ ಉದ್ದೇಶಕ್ಕೂ ಸುಳ್ಳು ಸಲ್ಲದು ಎಂಬುದು ಅವರ ನಿಲುವು. ಹಾಗೆಂದು ಅವರದು ಕಲ್ಲು ಮನಸ್ಸಲ್ಲ. ಸಾವಿನ ದವಡೆಯಲ್ಲಿರುವ ರೋಗಿಯೊಬ್ಬನು ತನ್ನ ಮಗನ ಕ್ಷೇಮ ಕೇಳಿದಾಗ, ಆ ಮಗ ಸತ್ತಿರುವುದನ್ನು ಬಲ್ಲ ನೀವು ಏನು ಹೇಳುವಿರಿ ಎಂಬ ಪ್ರಶ್ನೆಯನ್ನು ತಾವೇ ಎತ್ತಿ, ಅದು ತಮ್ಮನ್ನು ಅಲುಗಾಡಿಸುತ್ತದೆಂದು ಒಪ್ಪಿಕೊಳ್ಳುತ್ತಾರೆ. ಆದರೂ ನಿಲುವನ್ನು ಸಡಿಲಿಸುವುದಿಲ್ಲ. ಸಂತ ಥಾಮಸ್ ಅಕ್ವಿನಾಸರು ಕೇಡಿನ ಸುಳ್ಳು, ವಿನೋದದ ಸುಳ್ಳು, ಉಪಕಾರದ ಸುಳ್ಳು ಎಂದು ವಿಂಗಡಿಸಿ ತೂಕದಲ್ಲಿ ವ್ಯತ್ಯಾಸವಿದೆ ಎಂದರು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶವೂ ಸುಳ್ಳಿನ ಭಾರವನ್ನು ಅದು ತಿರುಚುವ ಸತ್ಯ, ಸಂದರ್ಭ, ಆಡಿದವನ ಉದ್ದೇಶ, ಅನುಭವಿಸಿದವನ ಹಾನಿ ಇವುಗಳಿಂದ ಅಳೆಯಬೇಕೆನ್ನುತ್ತದೆ.

ಹಾಗಾದರೆ ಅಳೆಯೋಣ. ಮದುವೆಗಾಗಿ ಬರೆಸಿದ ಟೈಫಾಯ್ಡಿನಿಂದ ಯಾರಿಗೆ ಹಾನಿ? ಮೊದಲನೆಯದಾಗಿ, ಆ ಮೂರು ದಿನ ನಿಮ್ಮ ಮೇಜಿನ ಕೆಲಸವನ್ನೂ ಹೊತ್ತ ಸಹೋದ್ಯೋಗಿಗೆ. ಅವರಿಗೂ ಮನೆಯಿದೆ, ಅವರಿಗೂ ಬೆನ್ನುನೋವಿದೆ. ಎರಡನೆಯ ಹಾನಿ ಹೆಚ್ಚು ಆಳವಾದದ್ದು. ನಾಳೆ ನಿಜವಾದ ರೋಗಿಯೊಬ್ಬರು ನಿಜವಾದ ಚೀಟಿ ಹಿಡಿದು ಬಂದಾಗ ಅಧಿಕಾರಿಯ ತುಟಿಯಂಚಿನಲ್ಲಿ ಮೂಡುವ ನಗೆ ಇದೆಯಲ್ಲ, ಅದನ್ನು ಸೃಷ್ಟಿಸಿದವರು ನಾವು. ತಲೆಶೂಲೆ, ಖಿನ್ನತೆ, ಗರ್ಭಪಾತವಾದ ಹೆಣ್ಣಿನ ನಿತ್ರಾಣ, ಇವು ಥರ್ಮಾಮೀಟರಿನಲ್ಲಿ ಕಾಣಿಸುವುದಿಲ್ಲ, ಕ್ಷ-ಕಿರಣದಲ್ಲಿ ಮೂಡುವುದಿಲ್ಲ. ಇಂತಹವರಿಗೆ ಇರುವ ಆಸರೆ ಜನರ ನಂಬಿಕೆಯೊಂದೇ. ನಾವು ಖರ್ಚು ಮಾಡಿದ್ದು ಆ ನಂಬಿಕೆಯನ್ನು. ಖೋಟಾ ನೋಟು ಚಲಾವಣೆ ಮಾಡಿದವನು ಅಂಗಡಿಯವನೊಬ್ಬನಿಗೆ ಮಾತ್ರ ಮೋಸ ಮಾಡುವುದಿಲ್ಲ. ಸಂತೆಯಲ್ಲಿ ಅಸಲಿ ನೋಟು ಹಿಡಿದು ನಿಂತ ಬಡವನ ಕೈಯನ್ನೂ ಸಂಶಯಕ್ಕೆ ಗುರಿಮಾಡುತ್ತಾನೆ. ಮೂರನೆಯ ಹಾನಿ ವೈದ್ಯರಿಗೆ. ಅವರ ಸ್ನೇಹವನ್ನೋ ಬಡತನವನ್ನೋ ದಾಕ್ಷಿಣ್ಯವನ್ನೋ ಬಳಸಿಕೊಂಡು ಅವರ ಸಹಿಯನ್ನು ನಾವು ಸರಕಾಗಿಸಿದೆವು.

ಇಷ್ಟು ಹೇಳಿ ಮುಗಿಸುವುದು ಸುಲಭ. ಆದರೆ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ, ಅದನ್ನು ನೋಡದೆ ಹೋದರೆ ನಮ್ಮ ನೈತಿಕತೆ ಸಂಬಳ ಖಾತ್ರಿಯಿರುವವರ ನೈತಿಕತೆಯಾಗಿಬಿಡುತ್ತದೆ.

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ ಕಡೆಯ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ನಮ್ಮ ಧರ್ಮಕೇಂದ್ರಗಳ ತಾಯಂದಿರೂ ಅವರಲ್ಲಿದ್ದಾರೆ. ಅಂಥ ತಾಯಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಬೆಳಗಿನ ಜಾವ ನಾಲ್ಕು ವರ್ಷದ ಮಗುವಿನ ಮೈ ಕೆಂಡದಂತೆ ಸುಡುತ್ತಿದೆ. ಗಂಡ ಊರಿನಲ್ಲಿಲ್ಲ. ಹೊಲಿಗೆಯ ಸಾಲಿನಲ್ಲಿ ಒಂದು ಯಂತ್ರ ನಿಂತರೆ ಇಡೀ ಸಾಲಿನ ಲೆಕ್ಕ ತಪ್ಪುತ್ತದೆ, ಮೇಲ್ವಿಚಾರಕನ ಬಾಯಿಗೆ ಬೀಗವಿಲ್ಲ, ಹಾಜರಾತಿಗೆಂದು ಕೊಡುವ ಹೆಚ್ಚುವರಿ ಹಣವೂ ಕೈತಪ್ಪುತ್ತದೆ. 1948ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ. ವ್ಯವಸ್ಥೆ ಅವಳಿಗಿದೆ ಎಂದುಕೊಳ್ಳೋಣ. ಅದು ನಿಜಕ್ಕೂ ದೊಡ್ಡ ವರದಾನ: ವಂತಿಗೆಯ ಷರತ್ತು ಪೂರೈಸಿದ ಕಾರ್ಮಿಕನು ಕಾಯಿಲೆ ಬಿದ್ದರೆ, ವಿಮಾ ವೈದ್ಯರ ಪ್ರಮಾಣಪತ್ರದ ಮೇಲೆ, ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡ 70ರಷ್ಟು ದೊರೆಯುತ್ತದೆ. ಆದರೆ ಅದು ಕಾರ್ಮಿಕನ ಸ್ವಂತ ಕಾಯಿಲೆಗೆ. ಮಗುವಿಗೆ ಔಷಧ ಸಿಗುತ್ತದೆ. ಮಗುವಿನ ಬಳಿ ಕುಳಿತಿರಲು ತಾಯಿಗೆ ದಿನ ಸಿಗುವುದಿಲ್ಲ. 'ನನ್ನ ಮಗುವಿಗೆ ಜ್ವರ' ಎಂಬ ಸತ್ಯಕ್ಕೆ ರಜೆಯ ಪಟ್ಟಿಯಲ್ಲಿ ಜಾಗವೇ ಇಲ್ಲ. 'ನನಗೆ ಜ್ವರ' ಎಂಬ ಸುಳ್ಳಿಗೆ ಮುದ್ರಿತ ನಮೂನೆಯಿದೆ.

ಅವಳು ವೈದ್ಯರ ಮುಂದೆ ನಿಂತು, ಜ್ವರವೆಂದು ಬರೆದುಕೊಡಿ ಸಾರ್ ಎನ್ನುತ್ತಾಳೆ. ಅವಳಿಗೆ ನಾವೇನು ಹೇಳಬೇಕು?

ಅಗಸ್ಟೀನರು ವಿಮೋಚನಾಕಾಂಡದ ಸೂಲಗಿತ್ತಿಯರ ಕುರಿತು ಹೇಳಿದ್ದು ಇಲ್ಲಿ ನೆನಪಿಗೆ ಬರುತ್ತದೆ. ಇಸ್ರಯೇಲರ ಗಂಡುಕೂಸುಗಳನ್ನು ಉಳಿಸಿ, ಫರೋಹನಿಗೆ ಸುಳ್ಳು ಹೇಳಿದ ಆ ಹೆಂಗಸರಿಗೆ ದೇವರು ಒಳ್ಳೆಯದನ್ನು ಮಾಡಿದರು. ಆದರೆ ದೇವರು ಮೆಚ್ಚಿದ್ದು ಅವರ ಕರುಣೆಯನ್ನು, ಅವರ ಸುಳ್ಳನ್ನಲ್ಲ ಎಂಬುದು ಅಗಸ್ಟೀನರ ವಿವರಣೆ. ನನಗೆ ಈ ವಿವರಣೆ ಸರಿಯೆನಿಸುತ್ತದೆ, ಆದರೆ ಪೂರ್ಣವೆನಿಸುವುದಿಲ್ಲ. ಅದು ಸೂಲಗಿತ್ತಿಯರನ್ನು ಮಾತ್ರ ವಿಚಾರಿಸುತ್ತದೆ, ಫರೋಹನನ್ನು ವಿಚಾರಿಸುವುದಿಲ್ಲ. ಸತ್ಯ ಹೇಳಿದರೆ ಮಗು ಸಾಯುವಂತಹ ಆಜ್ಞೆಯನ್ನು ಹೊರಡಿಸಿದವನೇ ಆ ಸುಳ್ಳಿನ ಮೊದಲ ಕರ್ತೃವಲ್ಲವೇ? ಜಗದ್ಗುರು ಎರಡನೆಯ ಜಾನ್ ಪೌಲರು 1981ರ 'ಲಬೋರೆಮ್ ಎಕ್ಸರ್ಸೆನ್ಸ್' ಎಂಬ ವಿಶ್ವಪತ್ರದಲ್ಲಿ 'ಪರೋಕ್ಷ ಉದ್ಯೋಗದಾತ' ಎಂಬ ವಿಚಾರವನ್ನು ಮುಂದಿಟ್ಟರು. ಕೂಲಿ ಕೊಡುವವನೊಬ್ಬನೇ ಉದ್ಯೋಗದಾತನಲ್ಲ. ಕೆಲಸದ ಷರತ್ತುಗಳನ್ನು ರೂಪಿಸುವ ಕಾನೂನು, ಒಪ್ಪಂದ, ಮಾರುಕಟ್ಟೆ, ಇವುಗಳ ಹಿಂದಿರುವ ಎಲ್ಲರೂ ಆ ಕಾರ್ಮಿಕನಿಗೆ ಉತ್ತರವಾದಿಗಳು. ಕಾರ್ಮಿಕನಿಗೆ ವಿಶ್ರಾಂತಿಯ ಹಕ್ಕಿದೆಯೆಂದೂ ವೈದ್ಯಕೀಯ ನೆರವು ಅವನಿಗೆ ಸುಲಭವಾಗಿ, ಸಾಧ್ಯವಾದಷ್ಟು ಕಡಿಮೆ ವೆಚ್ಚದಲ್ಲಿ ಅಥವಾ ಉಚಿತವಾಗಿ ದೊರೆಯಬೇಕೆಂದೂ ಅದೇ ಪತ್ರ ಹೇಳುತ್ತದೆ. ಆ ದೃಷ್ಟಿಯಿಂದ ನೋಡಿದರೆ, ತಾಯಿಯ ತುಟಿಯಿಂದ ಹೊರಟ ಸುಳ್ಳಿನಲ್ಲಿ ಅವಳ ಪಾಲು ಅತ್ಯಲ್ಪ. ಅವಳ ಆ ಮಾತನ್ನು ಸತ್ಯವೆಂದು ಕರೆಯಲು ನಾನು ಸಿದ್ಧನಿಲ್ಲ. ಅವಳನ್ನು ಮದುವೆಮನೆಯ ಟೈಫಾಯ್ಡ್ ರೋಗಿಯ ಪಕ್ಕದಲ್ಲಿ ನಿಲ್ಲಿಸಲಂತೂ ಸಿದ್ಧನೇ ಅಲ್ಲ.

ವೈದ್ಯರ ಇಕ್ಕಟ್ಟನ್ನೂ ನೋಡಬೇಕು. ಅವರು ಇಲ್ಲವೆಂದರೆ ನಿಷ್ಕರುಣಿ, ಹೂಂ ಎಂದರೆ ಸುಳ್ಳುಸಾಕ್ಷಿ. ಆದರೆ ಇವೆರಡರ ನಡುವೆ ಸತ್ಯದ ಜಾಗ ನಾವು ತಿಳಿದಿರುವುದಕ್ಕಿಂತ ವಿಶಾಲವಾಗಿದೆ. ಸೋಮವಾರ ಬಂದ ರೋಗಿಯು ಶುಕ್ರವಾರದಿಂದ ಹೊಟ್ಟೆನೋವಿತ್ತೆಂದರೆ, ಶುಕ್ರವಾರ ತಾವೇ ನೋಡಿದಂತೆ ಹಿಂದಿನ ತಾರೀಖು ಹಾಕಬೇಕಾಗಿಲ್ಲ. ಇಂದು ಪರೀಕ್ಷಿಸಿದೆ, ಶುಕ್ರವಾರದಿಂದ ನೋವಿತ್ತೆಂದು ರೋಗಿಯ ಹೇಳಿಕೆ, ಕಂಡ ಲಕ್ಷಣಗಳು ಅದಕ್ಕೆ ಹೊಂದುತ್ತವೆ ಎಂದು ಬರೆಯಬಹುದು. ಆ ತಾಯಿಯ ವಿಷಯದಲ್ಲಿ, ಇಂಥ ತಾರೀಖಿನಂದು ಈಕೆಯ ಮಗುವಿಗೆ ತೀವ್ರ ಜ್ವರವಿತ್ತು, ತಾಯಿಯ ಆರೈಕೆ ಅಗತ್ಯವಾಗಿತ್ತು ಎಂದು ಬರೆಯಬಹುದು. ಕಾರ್ಖಾನೆಯವರು ಅದನ್ನು ಒಪ್ಪದೆ ಇರಬಹುದು. ಆದರೆ ಅಂತಹ ಹತ್ತು ಚೀಟಿಗಳು ಒಂದೇ ಕಚೇರಿಗೆ ಹೋದರೆ, ಅಲ್ಲಿಯವರೆಗೆ ಹೆಸರೇ ಇಲ್ಲದ ಕಷ್ಟವೊಂದು ಕಡತದಲ್ಲಿ ದಾಖಲಾಗುತ್ತದೆ. ತಾಯಂದಿರೆಲ್ಲರೂ ತಮಗೇ ಜ್ವರವೆಂದು ಬರೆಸುವವರೆಗೆ, ಮಕ್ಕಳಿಗೆ ಜ್ವರ ಬರುತ್ತದೆಂಬ ಸಂಗತಿ ಆಡಳಿತಕ್ಕೆ ತಿಳಿಯುವುದೇ ಇಲ್ಲ.

ಇನ್ನೊಂದು ಸೂಕ್ಷ್ಮ. ಸತ್ಯ ಹೇಳುವುದೆಂದರೆ ಎಲ್ಲವನ್ನೂ ಹೇಳುವುದಲ್ಲ. ಕ್ಷಯರೋಗದವನು, ಮನೋವ್ಯಾಧಿಗೆ ಔಷಧ ತೆಗೆದುಕೊಳ್ಳುವವನು, ಗರ್ಭ ಕಳೆದುಕೊಂಡವಳು ತಮ್ಮ ರೋಗದ ಹೆಸರು ಕಚೇರಿಯ ಜವಾನನವರೆಗೂ ತಲುಪಬಾರದೆಂದು ಬಯಸಿದರೆ ಅದು ನ್ಯಾಯವೇ ಆಗಿದೆ. ಧರ್ಮೋಪದೇಶ ಗ್ರಂಥವು ವೃತ್ತಿರಹಸ್ಯದ ಮಾತು ಬಂದಾಗ ವೈದ್ಯರನ್ನು ಹೆಸರಿಸಿಯೇ ಹೇಳಿದೆ. ಸತ್ಯವನ್ನು ತಿಳಿಯುವ ಹಕ್ಕಿಲ್ಲದವನಿಗೆ ಅದನ್ನು ತೆರೆದಿಡುವ ಹೊಣೆ ಯಾರಿಗೂ ಇಲ್ಲವೆಂದೂ ಹೇಳಿದೆ. 'ಇವರು ನನ್ನ ಚಿಕಿತ್ಸೆಯಲ್ಲಿದ್ದಾರೆ, ಇಷ್ಟು ದಿನಗಳ ವಿಶ್ರಾಂತಿ ಅಗತ್ಯ' ಎಂಬ ಎರಡು ಸಾಲು ಯಜಮಾನನಿಗೆ ಬಹುಮಟ್ಟಿಗೆ ಸಾಕು. ಮಾನಸಿಕ ಕಾಯಿಲೆಯನ್ನು ಮುಚ್ಚಲು ವೈರಲ್ ಜ್ವರವೆಂದು ಬರೆಯುವುದಕ್ಕಿಂತ, ಏನೆಂದು ಬರೆಯದಿರುವುದು ಮೇಲು.

ಪ್ರಭು ಯೇಸು ಬೆಟ್ಟದ ಮೇಲಿನ ಬೋಧನೆಯಲ್ಲಿ ಆಣೆಯಿಡುವುದನ್ನೇ ಬೇಡವೆಂದರು (ಮತ್ತಾಯ 5:33-37). ಹೌದೆಂದರೆ ಹೌದಾಗಿರಬೇಕಾದ ಮನುಷ್ಯನ ಮಾತಿಗೆ ಆಕಾಶದ ಮೇಲೆ, ಜೆರುಸಲೇಮಿನ ಮೇಲೆ ಆಣೆಯಿಡಬೇಕಾಗಿ ಬಂದಿದೆಯೆಂದರೆ, ಮಾತು ಎಂದೋ ಕೆಟ್ಟುಹೋಗಿದೆ ಎಂದೇ ಅರ್ಥ. ಎರಡು ದಿನದ ನೆಗಡಿಗೂ ಮೊಹರು ಹಾಕಿದ ಕಾಗದ ಕೇಳುವ ಕಚೇರಿಯ ಸ್ಥಿತಿಯೂ ಇದೇ. ಬೇರೆ ದಾರಿ ಇಲ್ಲವೆಂದಲ್ಲ. ನಮ್ಮ ಅನೇಕ ಹೆಣ್ಣುಮಕ್ಕಳು ದಾದಿಯರಾಗಿ ದುಡಿಯುತ್ತಿರುವ ಬ್ರಿಟನ್ನಿನಲ್ಲಿ, ಕಾಯಿಲೆಯ ಮೊದಲ ಏಳು ದಿನಗಳಿಗೆ ನೌಕರನ ಸ್ವಂತ ಹೇಳಿಕೆಯೇ ಸಾಕು. ವೈದ್ಯರ ಚೀಟಿ ಬೇಕಾಗುವುದು ಆನಂತರ. 2010ರಲ್ಲಿ ಆ ಚೀಟಿಯ ಸ್ವರೂಪವನ್ನೂ ಬದಲಿಸಿ, ಕೆಲಸಕ್ಕೆ ಅನರ್ಹನೇ ಅಥವಾ ಹಗುರವಾದ ಕೆಲಸ, ಕಡಿಮೆ ಹೊತ್ತು ಮುಂತಾದ ಏರ್ಪಾಡಿನೊಡನೆ ದುಡಿಯಬಲ್ಲನೇ ಎಂದು ವೈದ್ಯರು ತಿಳಿಸುವಂತೆ ಮಾಡಿದರು. ಕರ್ನಾಟಕ ಸರ್ಕಾರವು 2025ರಲ್ಲಿ ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದು ದಿನ ವೇತನ ಸಹಿತ ಋತುಚಕ್ರದ ರಜೆಯ ನೀತಿಗೆ ಒಪ್ಪಿಗೆ ನೀಡಿದಾಗ, ವೈದ್ಯರ ಚೀಟಿ ಬೇಕಿಲ್ಲವೆಂದಿತು. ದುರುಪಯೋಗವಾಗುವುದಿಲ್ಲವೇ ಎಂದು ಕೆಲವರು ಕೇಳಿದರು. ಆಗಬಹುದು. ರಾಖೇಲಳ ಕಥೆ ನಮಗೆ ಗೊತ್ತೇ ಇದೆ. ಆದರೆ ರಾಖೇಲಳೊಬ್ಬಳು ಸುಳ್ಳಾಡಿದಳೆಂದು ಜಗತ್ತಿನ ಹೆಂಗಸರೆಲ್ಲ ತಮ್ಮ ನೋವಿಗೆ ರುಜುವಾತು ಹೊತ್ತು ತಿರುಗಬೇಕೆನ್ನುವುದು ಯಾವ ನ್ಯಾಯ?

ಕಾಯಿಲೆಯಿದ್ದೂ ಇಲ್ಲವೆಂದು ನಟಿಸಿ ಕೆಲಸಕ್ಕೆ ಹೋಗುವ ಸುಳ್ಳನ್ನು ನಾವು ಶ್ರದ್ಧೆಯೆಂದು ಹೊಗಳುತ್ತೇವೆ. ಕೆಮ್ಮುತ್ತಲೇ ತರಗತಿಗೆ ಬರುವ ಶಿಕ್ಷಕ, ಜ್ವರದ ಮಾತ್ರೆ ನುಂಗಿ ಬಸ್ಸು ಓಡಿಸುವ ಚಾಲಕ. 2020ರ ಕೊರೋನಾ ಕಾಲದಲ್ಲಿ ಈ ಶ್ರದ್ಧೆಯ ಬೆಲೆ ಏನೆಂದು ಕಂಡೆವು. ಸಬ್ಬತ್ತನ್ನು ವಿಧಿಸಿದ ದೇವರು ಆಳುಗಳೂ ಎತ್ತುಕತ್ತೆಗಳೂ ವಿಶ್ರಮಿಸಬೇಕೆಂದು ಹೇಳಿದ್ದಾರೆ (ವಿಮೋಚನಾಕಾಂಡ 23:12). ಮೈ ಬಿದ್ದಾಗ ಮಲಗುವುದು ದೇವರೆದುರು ಸಣ್ಣತನವೇನಲ್ಲ.

ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ಈ ದೃಷ್ಟಿಯಿಂದ ಒಮ್ಮೆ ಓದಿ. ಫಿಲಿಪ್ಪಿಯ ಸಭೆಯವರು ಪೌಲರ ಸೇವೆಗೆಂದು ಎಪಫ್ರೊದೀತನನ್ನು ಕಳುಹಿಸಿದ್ದರು. ಅವನು ಅಲ್ಲಿ ಕಾಯಿಲೆ ಬಿದ್ದನು. ಈಗ ಅವನು ಊರಿಗೆ ಮರಳಬೇಕು. ಒಪ್ಪಿಸಿದ ಕೆಲಸ ಮುಗಿಸದೆ ಬಂದನೆಂದು ಜನ ಆಡಿಕೊಳ್ಳುವ ಸಂಭವವಿದೆ. ಪೌಲರು ಸಾಕ್ಷಿ ನುಡಿಯುತ್ತಾರೆ: ಅವನು ನಿಜವಾಗಿಯೂ ಕಾಯಿಲೆಯಾಗಿದ್ದ, ಸಾಯುವ ಸ್ಥಿತಿಗೆ ಬಂದಿದ್ದ, ದೇವರು ಕರುಣಿಸಿದರು. ಅವನನ್ನು ಸಂತೋಷದಿಂದ ಬರಮಾಡಿಕೊಳ್ಳಿ, ಇಂಥವರನ್ನು ಗೌರವಿಸಿ ಎನ್ನುತ್ತಾರೆ. ಕಾಯಿಲೆಯ ವಿಷಯ ಊರಿಗೆ ಮುಟ್ಟಿತೆಂದು ಎಪಫ್ರೊದೀತನೇ ಕಳವಳಪಡುತ್ತಿದ್ದನೆಂಬುದನ್ನೂ ಪೌಲರು ಮರೆಯದೆ ಬರೆದಿದ್ದಾರೆ. ರೋಗಿಯ ನಾಚಿಕೆಯನ್ನು ಬಲ್ಲವರು ಮಾತ್ರ ಹಾಗೆ ಬರೆಯಬಲ್ಲರು.

ಕೊನೆಯದಾಗಿ ನಮ್ಮ ಮನೆಗಳ ಮಾತು. ನಮ್ಮಲ್ಲಿ ಅನೇಕರು ನೌಕರರಷ್ಟೇ ಅಲ್ಲ, ಉದ್ಯೋಗದಾತರೂ ಹೌದು. ಪಾತ್ರೆ ತೊಳೆಯಲು, ನೆಲ ಒರೆಸಲು ಬರುವ ಹೆಂಗಸಿದ್ದಾಳೆ, ತೋಟಕ್ಕೆ ಬರುವ ಆಳಿದ್ದಾನೆ. ಅವರಿಗೆ ಇ.ಎಸ್.ಐ. ಇಲ್ಲ, ಅರ್ಧವೇತನ ರಜೆಯಿಲ್ಲ. ವೈದ್ಯರ ಚೀಟಿ ತರುವ ಖರ್ಚು ಒಂದು ದಿನದ ಕೂಲಿಯನ್ನೇ ನುಂಗುತ್ತದೆ. 'ಅಮ್ಮಾ, ಇವತ್ತು ಮೈ ಸರಿಯಿಲ್ಲ, ಬರೋಕಾಗಲ್ಲ' ಎಂದು ಫೋನಿನಲ್ಲಿ ಹೇಳಿದಾಗ, ಫೋನು ಇಟ್ಟ ತಕ್ಷಣ ನಮ್ಮ ಬಾಯಿಂದ ಬರುವ ಮಾತು ಯಾವುದು? ಕಚೇರಿಯಲ್ಲಿ ನಮ್ಮ ಚೀಟಿಯನ್ನು ಸಂಶಯದಿಂದ ನೋಡಿದರೆಂದು ಕುದಿಯುವ ನಾವು, ಇವಳ ಮಾತನ್ನು 'ನೆಪ' ಎಂದುಬಿಡುತ್ತೇವೆ. ತಿಂಗಳ ಕೊನೆಯಲ್ಲಿ ದಿನಗಳನ್ನು ಎಣಿಸಿ ಕಳೆಯುತ್ತೇವೆ. ನಮ್ಮ ಧರ್ಮಸಭೆ ನಡೆಸುವ ಶಾಲೆ, ಆಸ್ಪತ್ರೆ, ವಿದ್ಯಾರ್ಥಿನಿಲಯಗಳ ಅಡಿಗೆಯವರು, ಆಯಾಗಳು, ಕಾವಲುಗಾರರು ಕಾಯಿಲೆ ಬಿದ್ದಾಗ ಏನಾಗುತ್ತದೆಂಬುದನ್ನು ಆಯಾ ಸಂಸ್ಥೆಯವರೇ ತಮ್ಮ ಹಾಜರಿ ಪುಸ್ತಕ ತೆರೆದು ನೋಡಿಕೊಳ್ಳಬಹುದು. ಧರ್ಮಕೇಂದ್ರದ ಪಾಲನಾ ಮಂಡಳಿಯ ಸಭೆಯಲ್ಲಿ ಹಬ್ಬದ ಲೆಕ್ಕಪತ್ರ ಮುಗಿದ ಮೇಲೆ ಉಳಿಯುವ ಅರ್ಧ ಗಂಟೆಯಲ್ಲಿ ಇದನ್ನು ಎತ್ತಬಹುದು: ನಮ್ಮಲ್ಲಿ ದುಡಿಯುವವರಿಗೆ ವರ್ಷಕ್ಕೆ ಎಷ್ಟು ದಿನ, ಯಾವ ಕಾಗದವನ್ನೂ ಕೇಳದೆ, ಸಂಬಳ ಕಡಿಯದೆ, ಮಲಗಲು ಬಿಡುತ್ತೇವೆ? ಮಗುವಿಗೆ ಜ್ವರ ಬಂದ ತಾಯಿ ಮಗುವಿಗೆ ಜ್ವರವೆಂದೇ ಹೇಳಿ ಮನೆಗೆ ಹೋಗಬಹುದೇ?